ಇಪ್ಪತ್ತಾರು ದಿನ ನಡೆದ ಬಾಗಿಲು

ತಗಡಿನ ಬೀರು ಮಾಡುವ ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರವರೆಗೆ ಎಲ್ಲರಿಗೂ ಅವಳು ಚೀಟಿಯಕ್ಕ. ಬಾಗಿಲು, ಪಕ್ಕದ ಹಲಗೆ, ಒಳಗಿನ ಗೂಡು, ಹೀಗೆ ಯಾವ ಸಾಮಾನು ಯಾವ ವಿಭಾಗದಿಂದ ಹೊರಟರೂ ಅದರ ಟ್ರಾಲಿಗೆ ಒಂದು ಚೀಟಿ ಕಟ್ಟಬೇಕು. ಎಷ್ಟು, ಯಾವ ಆರ್ಡರಿನದು, ಎಲ್ಲಿಂದ ಎಲ್ಲಿಗೆ ಅಂತ ಬರೆಯಬೇಕು. ಅದು ಅವಳ ಕೆಲಸ. ದಿನಕ್ಕೆ ನೂರಿನ್ನೂರು ಚೀಟಿ. ಸೆರಗಿನ ತುದಿಯಲ್ಲಿ ಒಂದು ಪೆನ್ನು, ಕಿವಿಯ ಹಿಂದೆ ಇನ್ನೊಂದು, ಮಣಿಕಟ್ಟಿಗೆ ಸುತ್ತಿಕೊಂಡ ದಾರದ ಉಂಡೆ.

ಮೊದಲಿನಿಂದ ಅವಳು ಚೀಟಿಯಕ್ಕನಾಗಿರಲಿಲ್ಲ. ಹತ್ತೊಂಬತ್ತು ವರ್ಷಕ್ಕೆ ಪ್ಯಾಕಿಂಗಿಗೆ ಸೇರಿದಳು. ಅಲ್ಲಿಂದ ಬೀಗ ಕೂರಿಸುವ ವಿಭಾಗಕ್ಕೆ ಹೋದಳು. ಅಲ್ಲಿಂದ ತೊಳೆಯುವ ತೊಟ್ಟಿಗೆ ಹೋಗಿ ಏಳು ವರ್ಷ ಕಳೆದಳು. ಬಿಸಿನೀರು, ಸೋಪು, ಆಸಿಡ್ಡಿನ ಘಾಟು. ತಗಡಿನ ಎಣ್ಣೆ ಜಿಡ್ಡನ್ನೂ ತುಕ್ಕನ್ನೂ ತೆಗೆಯದಿದ್ದರೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಬಣ್ಣದ ವಿಭಾಗದಲ್ಲಿ ನಾಲ್ಕು ವರ್ಷ, ಓವನ್ನಿನ ಬಾಯಲ್ಲಿ ನಿಂತು ಹಸಿ ಬಣ್ಣದ ಬಾಗಿಲುಗಳನ್ನು ಕೊಕ್ಕೆಗೆ ತೂಗು ಹಾಕಿದಳು. ಮೊಣಕಾಲು ಕೈಕೊಟ್ಟ ಮೇಲೆ ಡಾಕ್ಟರ ಕಾಗದ ನೋಡಿ ಮ್ಯಾನೇಜರು ಈ ಚೀಟಿ ಕೆಲಸ ಕೊಟ್ಟರು. ಕೂತು ಮಾಡುವ ಕೆಲಸ ಅಂತ ಕೊಟ್ಟಿದ್ದು; ಅವಳು ದಿನಕ್ಕೆ ನಾಲ್ಕು ಮೈಲಿ ನಡೆಯುತ್ತಿದ್ದಳು. ನೂರನಲವತ್ತು ಜನರಿದ್ದ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ತಮ್ಮ ತಮ್ಮ ವಿಭಾಗ ಕರತಲಾಮಲಕ. ಆದರೆ ತಗಡು ಒಳಗೆ ಬಂದಲ್ಲಿಂದ ಬೀರು ಲಾರಿ ಹತ್ತುವ ತನಕ ಪೂರ್ತಿ ದಾರಿ ಕಾಲಲ್ಲಿ ತುಳಿದವಳು ಅವಳೊಬ್ಬಳೇ.

ಗೇಟಿನ ಪಕ್ಕ ಒಂದು ಕರಿ ಬೋರ್ಡು ಇತ್ತು. ಪ್ರತಿ ಸಂಜೆ ಅದರ ಮೇಲೆ ಪ್ರತಿ ವಿಭಾಗದ ಆ ದಿನದ ಸಂಖ್ಯೆ ಬೀಳುತ್ತಿತ್ತು. ಪ್ರೆಸ್ಸು ಇಷ್ಟು, ವೆಲ್ಡಿಂಗು ಇಷ್ಟು, ತೊಟ್ಟಿ ಇಷ್ಟು. ವಾರದಲ್ಲಿ ಹೆಚ್ಚು ಮಾಡಿದವರಿಗೆ ಹಸಿರು ಬಾವುಟ. ಬಾವುಟ ಹೆಚ್ಚು ಸಲ ಹಾರಿದ್ದು ಪ್ರೆಸ್ಸಿನ ಮೇಲೆ. ಅಲ್ಲಿನ ಮೇಸ್ತ್ರಿ ಮೂವತ್ತೊಂದು ವರ್ಷದಿಂದ ಅದೇ ಯಂತ್ರದ ಮುಂದೆ ನಿಂತವರು. ಯಂತ್ರ ತಗಡನ್ನು ಕುಟ್ಟುವ ಸದ್ದು ಕೇಳಿಯೇ ಅದರ ಆರೋಗ್ಯ ಹೇಳುತ್ತಿದ್ದರು. ಅವರು ಚೀಟಿಯಕ್ಕನ ಗಂಡನ ಅಣ್ಣ. ಮನೆಯೂ ಒಂದೇ, ಕೆಳಗೆ ಭಾವನ ಸಂಸಾರ, ಮೇಲೆ ಇವಳದ್ದು, ಅಡುಗೆಮನೆ ಇಬ್ಬರಿಗೂ ಸೇರಿ ಒಂದು.

ಆ ವರ್ಷ ಒಂದು ಆಸ್ಪತ್ರೆಯವರು ತಮ್ಮ ನರ್ಸುಗಳ ವಸತಿಗೆ ಇನ್ನೂರನಲವತ್ತು ಬೀರು ಬೇಕೆಂದರು. ಒಂದು ತಿಂಗಳಲ್ಲಿ ಕೊಡುತ್ತೇವೆಂದು ಕಾರ್ಖಾನೆ ಒಪ್ಪಿಕೊಂಡಿತು. ಎರಡು ತಿಂಗಳು ಕಳೆದರೂ ಹೋಗಿದ್ದು ಎಪ್ಪತ್ತು. ಒಂದು ದಿನ ಆ ವಸತಿಯ ಮೇಲ್ವಿಚಾರಕಿಯೇ ಆಟೋ ಹಿಡಿದು ಬಂದರು. ದಪ್ಪ ಕನ್ನಡಕ, ಕೈಯಲ್ಲಿ ಕೊಡೆ. ಆಫೀಸಿನಲ್ಲಿ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನಮ್ಮ ಹುಡುಗಿಯರು ಎರಡು ತಿಂಗಳಿಂದ ಬಟ್ಟೆಗಳನ್ನ ಕಿಟಕಿ ಸರಳಿಗೆ ನೇತು ಹಾಕ್ತಿದ್ದಾರೆ. ನೀವು ಪ್ರತಿ ಸಲ ಫೋನಲ್ಲಿ 'ಆಗ್ತಾ ಇದೆ, ಆಗ್ತಾ ಇದೆ' ಅಂತೀರಿ. ಎಲ್ಲಿ ಆಗ್ತಾ ಇದೆ? ನನಗೆ ತೋರಿಸಿ," ಎಂದರು.

ಆಕೆ ಹೋದ ಮೇಲೆ ಯಜಮಾನರು ಎಲ್ಲಾ ಮೇಸ್ತ್ರಿಗಳನ್ನೂ ಕರೆಸಿದರು. ಆರ್ಡರಿನ ಚೀಟಿಗಳ ಕಟ್ಟು ಹಿಡಿದುಕೊಂಡು ಬರಲು ಚೀಟಿಯಕ್ಕನಿಗೂ ಹೇಳಿದ್ದರು. ಅವಳು ಬಾಗಿಲ ಪಕ್ಕ ಗೋಡೆಗೊರಗಿ ನಿಂತಳು. ಒಬ್ಬೊಬ್ಬರೇ ತಮ್ಮ ತಮ್ಮ ಲೆಕ್ಕ ಒಪ್ಪಿಸಿದರು. ಪ್ರೆಸ್ಸು ಗುರಿಗಿಂತ ಹೆಚ್ಚು ಮಾಡಿತ್ತು. ವೆಲ್ಡಿಂಗು ಗುರಿ ಮುಟ್ಟಿತ್ತು. ತೊಟ್ಟಿಯ ಸಂಖ್ಯೆಯಂತೂ ಹಿಂದೆಂದೂ ಇಲ್ಲದಷ್ಟು ಏರಿತ್ತು. ಓವನ್ನು ಒಂದು ಗಂಟೆಯೂ ತಣ್ಣಗಾಗಿರಲಿಲ್ಲ.

ಯಜಮಾನರು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. "ಎಲ್ಲರೂ ನೂರಕ್ಕೆ ನೂರು. ಬೀರು ಮಾತ್ರ ಇಲ್ಲ. ಹಾಗಾದ್ರೆ ಅವನ್ನ ನಾನು ಹೊತ್ಕೊಂಡು ಹೋದ್ನಾ?"

ಓವನ್ನು ಸಾಲದು, ಇನ್ನೊಂದು ತರಿಸೋಣ ಎಂದು ಮ್ಯಾನೇಜರು ಹೇಳಿದರು. ನೋಡೋಣ ಎಂದು ಯಜಮಾನರು ಎದ್ದರು.

ಚೀಟಿಯಕ್ಕನ ತಲೆಯಲ್ಲಿ ಮಾತ್ರ ಆ ಮೇಲ್ವಿಚಾರಕಿಯ ಪ್ರಶ್ನೆ ಕೂತುಬಿಟ್ಟಿತು. ಎಲ್ಲಿ ಆಗ್ತಾ ಇದೆ? ಮರುದಿನ ಬೆಳಿಗ್ಗೆ ಪ್ರೆಸ್ಸಿನಿಂದ ಆಗ ತಾನೆ ಬಂದ ಬಾಗಿಲುಗಳಲ್ಲಿ ಒಂದನ್ನು ಆರಿಸಿ, ಒಳಮೂಲೆಯಲ್ಲಿ ಉಳಿಯಿಂದ ಸಣ್ಣ ಗುರುತು ಕೊರೆದು ಅದಕ್ಕೆ ಕೆಂಪು ಚುಕ್ಕೆ ಇಟ್ಟಳು. ಒಂದು ಬೇರೆ ಪುಸ್ತಕದಲ್ಲಿ ಆ ಬಾಗಿಲಿನ ದಿನಚರಿ ಬರೆಯಲು ಶುರು ಮಾಡಿದಳು. ಎಷ್ಟು ಗಂಟೆಗೆ ಯಾರು ಮುಟ್ಟಿದರು, ಎಷ್ಟು ಹೊತ್ತು ಮುಟ್ಟಿದರು, ಆಮೇಲೆ ಎಲ್ಲಿ ಬಿದ್ದಿತ್ತು. ಜನ ನಕ್ಕರು. "ಏನಕ್ಕ, ಬಾಗಿಲಿಗೆ ಜಾತಕ ಬರೀತಿದ್ದೀಯಾ?" ಎಂದು ವೆಲ್ಡರ್ ಒಬ್ಬ ರೇಗಿಸಿದ.

ಆ ಬಾಗಿಲು ಲಾರಿ ಹತ್ತಲು ಇಪ್ಪತ್ತಾರು ದಿನ ತೆಗೆದುಕೊಂಡಿತು. ಅದರ ಮೇಲೆ ಮನುಷ್ಯರ ಕೈಯೋ ಯಂತ್ರವೋ ಕೆಲಸ ಮಾಡಿದ ಹೊತ್ತನ್ನೆಲ್ಲ ಕೂಡಿಸಿದಳು. ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆ. ತಪ್ಪಾಯಿತೇನೋ ಅಂತ ಮತ್ತೆ ಕೂಡಿಸಿದಳು. ಅಷ್ಟೇ. ಮಿಕ್ಕಿದ ದಿನವೆಲ್ಲ ಅದು ಎಲ್ಲೋ ಒಂದು ಕಡೆ ಒರಗಿಕೊಂಡು ನಿಂತಿತ್ತು. ಪುಸ್ತಕದಲ್ಲಿ ಇನ್ನೂ ಒಂದು ವಿಚಿತ್ರವಿತ್ತು. ಆ ಬಾಗಿಲು ತೊಟ್ಟಿಗೆ ಮೂರು ಸಲ ಇಳಿದಿತ್ತು.

ತೊಟ್ಟಿಯ ಹಿರಿಯಳು ಸೋಪಮ್ಮ. ಚೀಟಿಯಕ್ಕ ಅಲ್ಲಿದ್ದ ಏಳು ವರ್ಷವೂ ಇಬ್ಬರೂ ಒಂದೇ ತೊಟ್ಟಿಯ ಎರಡು ಬದಿಗೆ ನಿಂತವರು, ಒಂದೇ ಡಬ್ಬಿಯಲ್ಲಿ ಉಂಡವರು. ಚೀಟಿಯಕ್ಕನ ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಮೂರು ದಿನ ಕೂತವಳು ಸೋಪಮ್ಮ.

"ಒಂದು ಬಾಗಿಲು ಎರಡನೇ ಸಲ ಬರೋದು ಎಷ್ಟು ಸಲ ಆಗುತ್ತೆ, ಸೋಪಮ್ಮ?"

"ತುಕ್ಕು ಹಿಡಿದ್ರೆ ಬರುತ್ತೆ. ಯಾರು ಎಣಿಸ್ತಾರೆ?" ಸೋಪಮ್ಮ ಕೈಯ ನೊರೆ ಕೊಡವಿದಳು. "ಬೋರ್ಡಿಗೆ ಬೇಕಾಗಿರೋದು ನಂಬರು. ಬಾಗಿಲಿನ ಹಣೆ ಮೇಲೆ ಇದು ಮೊದಲ ಸ್ನಾನ, ಇದು ಎರಡನೇ ಸ್ನಾನ ಅಂತ ಬರೆದಿರುತ್ತಾ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಚೀಟಿಯಕ್ಕ ಅಲ್ಲೇ ನಿಂತಳು. ತೊಟ್ಟಿಯ ಸಂಖ್ಯೆ ಏಕೆ ಏರಿತ್ತೆಂದು ಅವಳಿಗೆ ಹೊಳೆಯಿತು. ಮೂರು ದಿನ ಎಣಿಸಿದಳು. ಹತ್ತು ಬಾಗಿಲಿನಲ್ಲಿ ನಾಲ್ಕು ಹಿಂದೆಯೇ ಒಮ್ಮೆ ಸ್ನಾನ ಮುಗಿಸಿ ಹೋಗಿದ್ದವು.

ಅವಳ ಗಂಡ ಊರೊಳಗಿನ ಬಸ್ಸು ಓಡಿಸುವವನು. ಆ ಸಂಜೆ ಅವನು ಚಹಾ ಕುಡಿಯುತ್ತ ತನ್ನ ದಿನದ ಗೋಳು ಹೇಳಿಕೊಳ್ಳುತ್ತಿದ್ದ. ಬಸ್ಸು ಮೊದಲ ನಿಲ್ದಾಣದಲ್ಲಿ ನಾಲ್ಕು ನಿಮಿಷ ತಡವಾಗಿತ್ತಂತೆ. ತಡವಾದ್ದರಿಂದ ಮುಂದಿನ ನಿಲ್ದಾಣದಲ್ಲಿ ಜನ ಹೆಚ್ಚು ಸೇರಿದ್ದರು. ಅವರೆಲ್ಲ ಹತ್ತುವಷ್ಟರಲ್ಲಿ ಇನ್ನಷ್ಟು ತಡ, ಅದರ ಮುಂದಿನ ನಿಲ್ದಾಣದಲ್ಲಿ ಇನ್ನಷ್ಟು ಜನ. "ಕೊನೆಗೆ ನನ್ನ ಬಸ್ಸಲ್ಲಿ ಕಾಲಿಡೋಕೆ ಜಾಗ ಇಲ್ಲ, ನನ್ನ ಬೆನ್ನ ಹಿಂದೆ ಬರ್ತಿದ್ದ ಬಸ್ಸು ಖಾಲಿ. ಬೈಗುಳ ಮಾತ್ರ ನನಗೆ. ಜೋರಾಗಿ ಓಡಿಸು ಅಂತಾರೆ. ಜೋರಾಗಿ ಓಡಿಸಿದ್ರೆ ಜನ ಬೇಗ ಹತ್ತುತ್ತಾರಾ?"

ಚೀಟಿಯಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಹಳೇ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ಬರೆಯತೊಡಗಿದಳು. ಪ್ರೆಸ್ಸು ಒಂದೇ ಸಮನೆ ಆರುನೂರು ಬಾಗಿಲು ಮಾಡುತ್ತದೆ. ತೊಳೆದ ಬಾಗಿಲುಗಳೆಲ್ಲ ಅದೇ ದಿನ ಓವನ್ನಿಗೆ ಹಿಡಿಸುವುದಿಲ್ಲ. ಉಳಿದವು ಹಸಿ ತಗಡಿನ ಮೈಯಲ್ಲಿ ಕಾಯುತ್ತವೆ. ಎರಡು ದಿನಕ್ಕೆ ತುಕ್ಕು. ತುಕ್ಕು ಬಂದವು ಮತ್ತೆ ತೊಟ್ಟಿಗೆ. ಅವು ತೊಟ್ಟಿಯಲ್ಲಿರುವಾಗ ಹೊಸವು ಹೊರಗೆ ಕಾಯುತ್ತವೆ, ಅವಕ್ಕೂ ತುಕ್ಕು. ಬರೆಯುತ್ತ ಬರೆಯುತ್ತ ಬಾಣದ ಗುರುತುಗಳು ಹೊರಟಲ್ಲಿಗೇ ಬಂದು ಸೇರಿದವು. ಇಷ್ಟು ವರ್ಷ ಕಾರ್ಖಾನೆಯನ್ನು ಅವಳು ಒಂದು ಸಾಲು ಎಂದುಕೊಂಡಿದ್ದಳು. ಹಾಳೆಯ ಮೇಲೆ ಇದ್ದದ್ದು ಒಂದು ಸುತ್ತು. ಅದರಲ್ಲಿ ಎಲ್ಲರೂ ಬೆವರು ಹರಿಸುತ್ತಿದ್ದರು, ಯಾರ ತಪ್ಪೂ ಇರಲಿಲ್ಲ, ಒಬ್ಬರು ಎಷ್ಟು ಚುರುಕಾದರೆ ಇನ್ನೊಬ್ಬರಿಗೆ ಅಷ್ಟು ತೊಂದರೆಯಾಗುತ್ತಿತ್ತು.

ಈ ಸುತ್ತನ್ನು ಎಲ್ಲಿ ಕತ್ತರಿಸಬೇಕು ಎಂದು ನೋಡಿದಾಗ ಬೆರಳು ಹೋಗಿ ನಿಂತದ್ದು ಪ್ರೆಸ್ಸಿನ ಮೇಲೆ. ಅದು ಭಾವನ ಯಂತ್ರ.

ಭಾವನಿಗೆ ಹೇಳದೆ ಮ್ಯಾನೇಜರ ಹತ್ತಿರ ಹೋಗುವುದು ಅವಳಿಗೆ ಸರಿ ಕಾಣಲಿಲ್ಲ. ರಜೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಭಾವ ವರಾಂಡದಲ್ಲಿ ಪೇಪರು ಹಿಡಿದು ಕೂತಿದ್ದಾಗ ಹಾಳೆ ತೋರಿಸಿದಳು.

"ಭಾವ, ಅಂಗಳದಲ್ಲಿ ನಾನೂರು ಬೀರುವಿಗಾಗುವಷ್ಟು ಬಾಗಿಲು ಇದೆ. ಪಕ್ಕದ ಹಲಗೆ ಮೂವತ್ತೈದಕ್ಕೆ ಮಾತ್ರ. ಬಾಗಿಲು ಒಂದನ್ನೇ ಲಾರಿಗೆ ಹಾಕಿ ಕಳಿಸೋಕಾಗುತ್ತಾ? ನಲವತ್ತು ಬೀರುವಿಗೆ ಏನೇನು ಬೇಕೋ ಅಷ್ಟು ಮಾಡಿ, ಅದು ಮುಂದೆ ಹೋಗೋ ತನಕ ನಿಲ್ಲಿಸಿದ್ರೆ..."

"ಏನನ್ನ ನಿಲ್ಲಿಸೋದು?"

"ಪ್ರೆಸ್ಸನ್ನ."

ಭಾವ ಪೇಪರು ಮಡಿಸಿದರು. ಅವರ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಆಮೇಲೆ ಅನ್ನಿಸಿತು. "ಮೂವತ್ತೊಂದು ವರ್ಷ ಆ ಯಂತ್ರ ನಿಲ್ಲದೆ ಇರ್ಲಿ ಅಂತ ನೋಡ್ಕೊಂಡಿದ್ದೀನಿ. ಜ್ವರ ಬಂದಾಗ್ಲೂ ಹೋಗಿದ್ದೀನಿ. ಈಗ ಕೈ ಕಟ್ಟಿ ಕೂತ್ಕೊ ಅಂತ ಚೀಟಿ ಬರೀತೀಯೇನಮ್ಮ?"

ಒಳಗಿನಿಂದ ವಾರಗಿತ್ತಿ ಇಣುಕಿ, "ಕಾರ್ಖಾನೇನ ಮನೆಗೆ ತರಬೇಡಿ ಅಂತ ಎಷ್ಟು ಸಲ ಹೇಳಿದ್ದೀನಿ," ಎಂದು ಪಾತ್ರೆ ಕುಕ್ಕಿದಳು. ಅಲ್ಲಿಂದ ಹತ್ತು ದಿನ ಆ ಅಡುಗೆಮನೆಯಲ್ಲಿ ಉಪ್ಪು ಕೊಡು, ಗ್ಯಾಸು ಆರಿಸು ಅನ್ನುವುದರ ಹೊರತು ಮಾತಿರಲಿಲ್ಲ.

ಮ್ಯಾನೇಜರು ಹಾಳೆಯನ್ನು ಅರ್ಧ ನಿಮಿಷ ನೋಡಿ ಮೇಜಿನ ಮೇಲಿಟ್ಟರು. ಅವರಿಗೆ ಹೊಸ ಓವನ್ನಿನ ಗುಂಗು. ಚೀಟಿಯಕ್ಕ ಹಾಳೆ ವಾಪಸು ತೆಗೆದುಕೊಂಡಳು. "ಸರ್, ಇದು ಬೇಡ. ನನ್ನ ಜೊತೆ ಅರ್ಧ ಗಂಟೆ ನಡೀರಿ. ಪ್ಯಾಕಿಂಗಿನಿಂದ ಹಿಂದಕ್ಕೆ."

ಅವರಿಬ್ಬರೂ ಲಾರಿ ನಿಲ್ಲುವ ಜಾಗದಿಂದ ಶುರು ಮಾಡಿದರು. ದಾರಿಯಲ್ಲಿ ಒಂದು ರಾಶಿ ಕಂಡಾಗಲೆಲ್ಲ ಅವಳು ಒಂದೇ ಪ್ರಶ್ನೆ ಕೇಳಿದಳು. "ಸರ್, ಇದು ಏನಕ್ಕಾಗಿ ಕಾಯ್ತಿದೆ?" ಬೀಗದ ವಿಭಾಗದಲ್ಲಿ ಆರು ಜನ ಸುಮ್ಮನೆ ಕೂತಿದ್ದರು. ಅವರು ಪಕ್ಕದ ಹಲಗೆಗಾಗಿ ಕಾಯುತ್ತಿದ್ದರು. ಓವನ್ನಿನ ತುಂಬ ಬಾಗಿಲು. ಪಕ್ಕದ ಹಲಗೆ ಅದರ ಹೊರಗೆ ಸರತಿಯಲ್ಲಿ. ತೊಟ್ಟಿಯ ಹತ್ತಿರ ತುಕ್ಕು ಹಿಡಿದ ಬಾಗಿಲುಗಳ ಎದೆಯುದ್ದ ಗೋಡೆ. ಅಂಗಳದ ತಗಡಿನ ಚಾವಣಿಯ ಕೆಳಗೆ ಬಂದಾಗ ಮ್ಯಾನೇಜರು ನಿಂತುಬಿಟ್ಟರು. ಪ್ರತಿದಿನ ಅದರ ಪಕ್ಕದಲ್ಲೇ ತಮ್ಮ ಸ್ಕೂಟರು ನಿಲ್ಲಿಸುತ್ತಿದ್ದ ಮನುಷ್ಯ. "ಇಷ್ಟು ಬಾಗಿಲು ಯಾವಾಗ ಬಂತು ಇಲ್ಲಿಗೆ?" ಎಂದು ಕೇಳಿದರು.

"ನೀವು ಹಸಿರು ಬಾವುಟ ಕೊಟ್ಟ ವಾರಗಳಲ್ಲಿ," ಎಂದಳು ಚೀಟಿಯಕ್ಕ. ಮಾತು ಬಾಯಿ ಜಾರಿತ್ತು. ಮ್ಯಾನೇಜರು ಅವಳನ್ನು ದುರುಗುಟ್ಟಿ ನೋಡಿ, ಆಮೇಲೆ ಕತ್ತು ಕೆರೆದುಕೊಂಡರು.

ಒಂದು ತಿಂಗಳ ಪರೀಕ್ಷೆ ಅಂತ ತೀರ್ಮಾನವಾಯಿತು. ಎರಡು ವಿಭಾಗಗಳ ನಡುವೆ ನೆಲದ ಮೇಲೆ ಹಳದಿ ಬಣ್ಣದ ಚೌಕ ಬರೆದರು. ಚೌಕ ತುಂಬಿದರೆ ಹಿಂದಿನ ವಿಭಾಗ ಕೆಲಸ ನಿಲ್ಲಿಸಬೇಕು, ಖಾಲಿಯಾದರೆ ಶುರು ಮಾಡಬೇಕು. ನಲವತ್ತು ಬೀರುವಿನ ಸಾಮಾನಿಗಿಂತ ಹೆಚ್ಚು ಯಾರೂ ಒಟ್ಟಿಗೆ ಮಾಡುವಂತಿಲ್ಲ. ಬೋರ್ಡಿನ ಮೇಲಿದ್ದ ಸಂಖ್ಯೆಗಳೆಲ್ಲ ಅಳಿಸಿಹೋಗಿ ಒಂದೇ ಒಂದು ಉಳಿಯಿತು, ಇವತ್ತು ಗೇಟು ದಾಟಿದ ಬೀರು ಎಷ್ಟು ಎಂದು. ಬಾವುಟವನ್ನು ಯಾರೋ ಮಡಿಸಿ ಕಪಾಟಿಗೆ ಹಾಕಿದರು.

ಮೊದಲ ವಾರ ಮಾನ ಹೋಯಿತು. ಹಿಂದೆ ಎಲ್ಲಾ ಆರ್ಡರೂ ಸೇರಿ ದಿನಕ್ಕೆ ಹದಿನಾಲ್ಕು ಬೀರು ಹೊರಗೆ ಹೋಗುತ್ತಿದ್ದ ಕಡೆ ಈಗ ಒಂಬತ್ತು. ಪ್ರೆಸ್ಸು ಮಧ್ಯಾಹ್ನದ ಹೊತ್ತಿಗೆ ಮೌನವಾಗುತ್ತಿತ್ತು. ಇಡೀ ಕಾರ್ಖಾನೆಗೆ ಆ ಸದ್ದು ಉಸಿರಿದ್ದಂತೆ ಇತ್ತು. ಅದು ನಿಂತಾಗ ಜನ ಕೆಲಸ ಬಿಟ್ಟು ತಲೆಯೆತ್ತಿ ನೋಡುತ್ತಿದ್ದರು. ಭಾವ ಸ್ಟೂಲಿನ ಮೇಲೆ ಎದೆಗೆ ಕೈ ಕಟ್ಟಿಕೊಂಡು ಕೂತಿರುತ್ತಿದ್ದರು. "ಏನ್ ಮೇಸ್ತ್ರಿ, ಮಾವನ ಮನೆಗೆ ಬಂದ ಹಾಗೆ ಕೂತಿದ್ದೀರಿ?" ಎಂದು ಹೋಗುವವರು ಬರುವವರು ಕೇಳಿದರು. ಭಾವ ಸಂಜೆ ಬಸ್ಸಿನಲ್ಲಿ ಚೀಟಿಯಕ್ಕನಿಂದ ನಾಲ್ಕು ಸೀಟು ದೂರ ಕೂತರು.

ಶನಿವಾರ ಮ್ಯಾನೇಜರು ಚೀಟಿಯಕ್ಕನನ್ನು ಕರೆಸಿದರು. "ನೋಡಿ, ಇನ್ನೊಂದು ವಾರ. ಆಮೇಲೂ ಹೀಗೇ ಆದ್ರೆ ನಾನೂ ನೀವೂ ಇಬ್ಬರೂ ಗೇಟಿನ ಹೊರಗೆ ಚಹಾ ಅಂಗಡಿ ಇಡಬೇಕಾಗುತ್ತೆ."

ಎಲ್ಲಿ ಎಡವಿದೆ ಎಂದು ತಿಳಿಯಲು ಅವಳು ಸೋಮವಾರ ಪೂರ್ತಿ ಪ್ರೆಸ್ಸಿನ ಹತ್ತಿರವೇ ನಿಂತಳು. ಕಣ್ಣಾರೆ ನೋಡಿದ ಮೇಲೆ ಗೊತ್ತಾಯಿತು. ಬಾಗಿಲು ಮಾಡುವ ಅಚ್ಚು ಬೇರೆ, ಪಕ್ಕದ ಹಲಗೆಯದು ಬೇರೆ, ಗೂಡಿನದು ಬೇರೆ. ಒಂದು ಅಚ್ಚನ್ನು ಬಿಚ್ಚಿ ಇನ್ನೊಂದನ್ನು ಕೂರಿಸಲು ಮೂರೂಮುಕ್ಕಾಲು ಗಂಟೆ. ಅದಕ್ಕೇ ಭಾವ ಒಮ್ಮೆ ಕೂರಿಸಿದ ಅಚ್ಚಿನಲ್ಲಿ ಆರುನೂರು ಹೊಡೆದು ಮುಗಿಸುತ್ತಿದ್ದದ್ದು. ಅದು ಬರೀ ಹಟವಾಗಿರಲಿಲ್ಲ. ಸಣ್ಣ ಸಣ್ಣ ಲಾಟು ಮಾಡಿ ಅಂದಾಗ ಅಚ್ಚು ಬದಲಿಸುವ ಕೆಲಸ ಹತ್ತು ಪಟ್ಟು ಬೆಳೆದಿತ್ತು. ತಾನು ಅಷ್ಟು ಹೆಮ್ಮೆಯಿಂದ ಬರೆದ ಸುತ್ತಿನಲ್ಲಿ ಆ ಮೂರೂಮುಕ್ಕಾಲು ಗಂಟೆ ಎಲ್ಲಿಯೂ ಇರಲಿಲ್ಲ.

ಅವಳು ಹೋಗಿ ಸ್ಟೂಲಿನ ಮುಂದೆ ನಿಂತಳು. "ಭಾವ, ತಪ್ಪು ನಂದು. ಅಚ್ಚು ಬದಲಿಸೋ ಹೊತ್ತನ್ನ ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ. ನಿಮ್ಮನ್ನ ಮೊದಲೇ ಕೇಳಬೇಕಿತ್ತು. ಹೇಳೋಕೆ ಬಂದೆ, ಕೇಳೋಕೆ ಬರಲಿಲ್ಲ."

ಭಾವ ಅವಳ ಕಡೆ ನೋಡಲಿಲ್ಲ. ಯಂತ್ರದ ಕಡೆ ನೋಡುತ್ತ ಹೇಳಿದರು. "ಆ ಬೋಲ್ಟುಗಳು ಐದು ಅಳತೆಯವು. ಐದು ಸ್ಪ್ಯಾನರು ಬೇಕು. ಅದರಲ್ಲಿ ಎರಡು ಯಾವಾಗ್ಲೂ ವೆಲ್ಡಿಂಗಿನವರ ಹತ್ರ ಇರ್ತವೆ." ಅಷ್ಟು ಹೇಳಿ ಎದ್ದು ಹೋದರು.

ಮರುದಿನ ಅವರು ಕೂರಲಿಲ್ಲ. ಕೂತೂ ಕೂತೂ ತಲೆ ಕೆಟ್ಟಿತ್ತು, ಅದಕ್ಕೇ ಶುರು ಮಾಡಿದೆ, ನಿನಗೋಸ್ಕರ ಏನಲ್ಲ ಎಂದು ಅವರು ಎಷ್ಟೋ ವರ್ಷದ ಮೇಲೂ ಹೇಳುತ್ತಿದ್ದರು. ಹಿಂದಿನ ಗೋದಾಮಿನಲ್ಲಿದ್ದ ಅಚ್ಚುಗಳನ್ನೆಲ್ಲ ಪ್ರೆಸ್ಸಿನ ಪಕ್ಕಕ್ಕೆ ತಂದು ಉರುಳುವ ಮೇಜಿನ ಮೇಲೆ ಇರಿಸಿದರು. ಎಲ್ಲಾ ಬೋಲ್ಟುಗಳನ್ನೂ ಒಂದೇ ಅಳತೆಗೆ ತಂದರು. ಅಚ್ಚುಗಳ ಎತ್ತರ ಒಂದೊಂದು ಒಂದೊಂದು ಥರ ಇದ್ದದ್ದರಿಂದ ಪ್ರತಿ ಸಲ ಯಂತ್ರವನ್ನು ಮೇಲೆ ಕೆಳಗೆ ಹೊಂದಿಸಬೇಕಾಗಿತ್ತು, ಹೊತ್ತು ಹೆಚ್ಚು ತಿನ್ನುತ್ತಿದ್ದದ್ದೇ ಅದು. ಗಿಡ್ಡ ಅಚ್ಚುಗಳ ಅಡಿಗೆ ತಗಡಿನ ಮಣೆ ಬೆಸುಗೆ ಹಾಕಿಸಿ ಎಲ್ಲವನ್ನೂ ಒಂದೇ ಎತ್ತರ ಮಾಡಿದರು. ಮೂರೂಮುಕ್ಕಾಲು ಗಂಟೆ ಎರಡಕ್ಕೆ ಇಳಿಯಿತು, ಆಮೇಲೆ ಐವತ್ತು ನಿಮಿಷಕ್ಕೆ. ತಿಂಗಳು ಮುಗಿಯುವ ಹಿಂದಿನ ದಿನ ಭಾವ ಚೀಟಿಯಕ್ಕನನ್ನು ಕರೆದು ಗಡಿಯಾರ ಹಿಡಿದುಕೊಂಡು ನಿಲ್ಲಲು ಹೇಳಿದರು. ಮೂವತ್ತೆಂಟು ನಿಮಿಷ. ಬೆವರು ಒರೆಸಿಕೊಂಡು, "ಬರ್ಕೊ ನಿನ್ನ ಪುಸ್ತಕದಲ್ಲಿ," ಎಂದರು. ಆ ಸಂಜೆ ಬಸ್ಸಿನಲ್ಲಿ ಅವಳ ಪಕ್ಕದ ಸೀಟಿನಲ್ಲಿ ಕೂತು ಇಡೀ ದಾರಿ ಬೋಲ್ಟಿನ ಪುರಾಣ ಹೇಳಿದರು.

ಗೇಟಿನ ಸಂಖ್ಯೆ ನಾಲ್ಕನೇ ವಾರಕ್ಕೆ ಹತ್ತೊಂಬತ್ತು ಮುಟ್ಟಿತು, ಮೂರನೇ ತಿಂಗಳಿಗೆ ಇಪ್ಪತ್ತನಾಲ್ಕು. ಆಸ್ಪತ್ರೆಯ ಬೀರುಗಳೆಲ್ಲ ಹೋದವು. ಮೇಲ್ವಿಚಾರಕಿ ಫೋನು ಮಾಡಿ ಒಂದು ಬೀರುವಿನ ಬೀಗ ಬಿಗಿ ಎಂದು ದೂರಿ, ಹಾಗೆಯೇ ಇನ್ನೂ ಅರವತ್ತು ಬೇಕೆಂದರು. ಚೀಟಿಯಕ್ಕ ಗುರುತು ಮಾಡಿದ ಇನ್ನೊಂದು ಬಾಗಿಲು ಆರು ದಿನದಲ್ಲಿ ಲಾರಿ ಹತ್ತಿತು, ತೊಟ್ಟಿಗೆ ಒಂದೇ ಸಲ ಇಳಿಯಿತು. ಅಂಗಳ ಎಷ್ಟು ಖಾಲಿಯಾಯಿತೆಂದರೆ ಜನ ಮಧ್ಯಾಹ್ನ ಅಲ್ಲಿ ಬಟ್ಟೆ ಚೆಂಡು ಕಟ್ಟಿ ಆಡತೊಡಗಿದರು. ಹೊಸ ಓವನ್ನಿನ ಮಾತು ಮತ್ತೆ ಬರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ಎರಡನೇ ಸ್ನಾನ, ಮೂರನೇ ಸ್ನಾನ ಇಲ್ಲದಾದಾಗ ತೊಟ್ಟಿಯ ಕೆಲಸ ಅರ್ಧಕ್ಕೆ ಇಳಿಯಿತು. ಆರು ಜನ ಇದ್ದಲ್ಲಿ ಮೂವರು ಸಾಕು. ಮ್ಯಾನೇಜರು ಯಾರನ್ನೂ ತೆಗೆಯಲಿಲ್ಲ. ಒಂದು ಬೆಳಿಗ್ಗೆ ಮೂವರನ್ನು ಬೀಗದ ವಿಭಾಗಕ್ಕೆ ಕಳಿಸಿದರು. ಬೀರು ಹೆಚ್ಚಾದ್ದರಿಂದ ಅಲ್ಲಿ ಕೈ ಬೇಕಿತ್ತು. ಆ ಮೂವರಲ್ಲಿ ಸೋಪಮ್ಮ ಒಬ್ಬಳು. ಇಪ್ಪತ್ತೆರಡು ವರ್ಷ ಆಳೆತ್ತರದ ತಗಡುಗಳನ್ನು ತಿರುಗಿಸಿದ ಕೈಗೆ ಕಡಲೆಕಾಳಿನಷ್ಟು ಸ್ಕ್ರೂ ಹಿಡಿಯಲು ಬರಲಿಲ್ಲ. ಕಣ್ಣೂ ಮಸುಕು. ಬೀಳಿಸಿದ ಸ್ಕ್ರೂಗಳನ್ನು ಹುಡುಕಲು ಬಗ್ಗಿದಾಗ ಅಕ್ಕಪಕ್ಕದವರು ನಗುತ್ತಿದ್ದರು. ಮೂರು ವಾರ ನೋಡಿ ಅವಳು ಕೆಲಸ ಬಿಟ್ಟಳು.

ಚೀಟಿಯಕ್ಕನಿಗೆ ಗೊತ್ತಾದದ್ದು ಎರಡು ದಿನ ಕಳೆದ ಮೇಲೆ. ಆ ಮೂರು ವಾರ ಅವಳು ವೆಲ್ಡಿಂಗಿನ ಚೌಕಗಳ ಅಳತೆ ಸರಿ ಮಾಡುವುದರಲ್ಲಿ ಮುಳುಗಿಹೋಗಿದ್ದಳು. ಸಂಜೆಯೇ ಸೋಪಮ್ಮನ ಮನೆಗೆ ಹೋದಳು. ಸೋಪಮ್ಮ ಬಾಗಿಲು ತೆಗೆದಳು, ಒಳಗೆ ಬಾ ಅನ್ನಲಿಲ್ಲ.

"ನನಗೆ ಯಾಕೆ ಹೇಳಲಿಲ್ಲ?" ಎಂದಳು ಚೀಟಿಯಕ್ಕ.

"ನೀನು ನನಗೆ ಹೇಳಿದ್ಯಾ? ತೊಟ್ಟಿಗೆ ಬಂದು ಎಷ್ಟು ಸ್ನಾನ ಅಂತ ಕೇಳ್ದೆ. ನಾನೂ ನಕ್ಕೊಂಡು ಹೇಳ್ದೆ. ಆ ಸ್ನಾನ ನಿಂತ್ರೆ ನಾನೆಲ್ಲಿ ಹೋಗ್ತೀನಿ ಅಂತ ನಿನಗೆ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ. ನಾನು ತಗಡು ತೊಳೆಯೋಳು, ನನಗೆ ಹೊಳೀದಿದ್ರೆ ಪರವಾಗಿಲ್ಲ. ನೀನು ಇಡೀ ಕಾರ್ಖಾನೆ ನೋಡ್ತೀನಿ ಅಂತ ಹೊರಟೋಳು. ಒಂದು ಬಾಗಿಲಿಗೆ ಕೆಂಪು ಚುಕ್ಕೆ ಇಟ್ಟು ಇಪ್ಪತ್ತಾರು ದಿನ ಅದರ ಹಿಂದೆ ಓಡಾಡ್ದೆ. ನನಗೂ ಒಂದು ಇಡಬೇಕಿತ್ತು."

ಚೀಟಿಯಕ್ಕ ಮನೆಗೆ ನಡೆದುಕೊಂಡೇ ಬಂದಳು. ಗಂಡ ಕೇಳಿದ್ದಕ್ಕೆ ಮೊಣಕಾಲು ನೋವು ಎಂದು ಹೇಳಿ ಮಲಗಿದಳು.

ಮರುದಿನ ಮ್ಯಾನೇಜರ ಮುಂದೆ ಕೂತು ಅವಳು ಮೊದಲ ಸಲ ದನಿ ಏರಿಸಿದಳು. ತೊಟ್ಟಿಯಿಂದ ಬಂದ ಉಳಿದ ಇಬ್ಬರಿಗೆ ಒಂದು ತಿಂಗಳು ಕಲಿಸಿ ಆಮೇಲೆ ಕೆಲಸ ಕೊಡಬೇಕು, ಅಲ್ಲಿಯ ತನಕ ಅವರ ಕೈಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದಳು. ಸೋಪಮ್ಮನಿಗೆ ಬೇರೆ ಕೆಲಸ ಇದೆ ಎಂದೂ ಹೇಳಿದಳು. ತಗಡಿನ ಮೇಲೆ ಜಿಡ್ಡು ಉಳಿದಿದೆಯೋ ಇಲ್ಲವೋ ಎಂದು ಬರೀ ಬೆರಳು ಸವರಿ ಹೇಳಬಲ್ಲವಳು ಕಾರ್ಖಾನೆಯಲ್ಲಿ ಅವಳೊಬ್ಬಳೇ. ಬಣ್ಣಕ್ಕೆ ಮುಂಚೆ ಅವಳು ಮುಟ್ಟಿ ನೋಡಿದರೆ ಎದ್ದುಬರುವ ಬಣ್ಣದ ದೂರು ಕಡಿಮೆಯಾಗುತ್ತದೆ. ಮ್ಯಾನೇಜರು ಒಪ್ಪಿದರು. ಕೆಲಸದ ಕಾಗದವನ್ನೂ ಕೊಟ್ಟರು. ಚೀಟಿಯಕ್ಕ ಅದನ್ನು ತೆಗೆದುಕೊಂಡು ಹೋದಳು.

ಸೋಪಮ್ಮ ಕಾಗದ ಓದಿಸಿಕೊಂಡು ಕೇಳಿ, ಮಡಿಸಿ ವಾಪಸು ಕೊಟ್ಟಳು. ಆಗಲೇ ಒಂದು ವಸತಿಗೃಹದ ಬಟ್ಟೆ ಒಗೆಯುವ ಕಡೆ ಸೇರಿಕೊಂಡಿದ್ದಳು. "ಅಲ್ಲಿ ಯಂತ್ರ ಒಗೆಯುತ್ತೆ, ನಾನು ಮಡಿಸ್ತೀನಿ. ಯಾರೂ ನಗಲ್ಲ," ಎಂದಳು. ಆ ಸಲ ಮಾತ್ರ ಒಳಗೆ ಕರೆದು ಕೂರಿಸಿದಳು.

ಚೀಟಿಯಕ್ಕ ಆ ಕಾರ್ಖಾನೆಯಲ್ಲಿ ಇನ್ನೂ ಹನ್ನೊಂದು ವರ್ಷ ಕೆಲಸ ಮಾಡಿದಳು. ಅವಳಿಗೆ ಒಂದು ಮೇಜು ಕೊಟ್ಟರು, ಅವಳು ಅದರ ಮೇಲೆ ಊಟದ ಡಬ್ಬಿ ಮಾತ್ರ ಇಟ್ಟು ಓಡಾಡುತ್ತಲೇ ಇದ್ದಳು. ಬೀರುವಿನ ಜೊತೆಗೆ ಆಫೀಸಿನ ಕಡತದ ಕಪಾಟುಗಳ ಕೆಲಸವೂ ಶುರುವಾದಾಗ, ಯಂತ್ರಗಳನ್ನು ಜರುಗಿಸಿದಾಗ, ಪ್ರತಿ ಸಲ ಅವಳು ಹಾಳೆಯ ಮೇಲೆ ಬಾಣದ ಗುರುತು ಹಾಕುವುದಕ್ಕೆ ಮೊದಲು ಎಡಗಡೆ ಜನರ ಪಟ್ಟಿ ಬರೆಯುತ್ತಿದ್ದಳು. ಯಾರ ಕೈ ಖಾಲಿಯಾಗುತ್ತದೆ, ಅವರಿಗೆ ಏನು ಬರುತ್ತದೆ, ಕಲಿಯಲು ಎಷ್ಟು ದಿನ ಬೇಕು. ಪಟ್ಟಿ ಮುಗಿಯದೆ ಯಾವ ಚೌಕವನ್ನೂ ಅಳಿಸಲು ಬಿಡುತ್ತಿರಲಿಲ್ಲ. ಹೊಸದಾಗಿ ಬಂದ ಎಂಜಿನಿಯರುಗಳಿಗೆ ಇದರಿಂದ ತಡವಾಗುತ್ತದೆ ಅನ್ನಿಸುತ್ತಿತ್ತು. ಭಾವ ನಿವೃತ್ತರಾಗುವ ತನಕ ಅಂಥವರಿಗೆ, "ಅವಳು ಬರೆದು ಮುಗಿಸ್ಲಿ ಇರ್ರಪ್ಪ, ನಾನೂ ಅವಸರ ಮಾಡಿ ನೋಡಿದ್ದೀನಿ," ಎನ್ನುತ್ತಿದ್ದರು.

ತಿಂಗಳಿಗೊಮ್ಮೆ ಅವಳು ಸೋಪಮ್ಮನ ಮನೆಗೆ ಹೋಗುತ್ತಾಳೆ. ಇಬ್ಬರೂ ಮಗಳ ಮದುವೆಯ ವಿಷಯ, ಮೊಣಕಾಲಿನ ವಿಷಯ, ಪಕ್ಕದ ಮನೆಯವರ ನಾಯಿಯ ವಿಷಯ ಮಾತಾಡುತ್ತಾರೆ. ತಪ್ಪಿ ಕಾರ್ಖಾನೆಯ ಮಾತು ಬಂದರೆ ಸೋಪಮ್ಮ ಚಹಾ ಇಡುತ್ತೇನೆ ಎಂದು ಎದ್ದು ಒಳಗೆ ಹೋಗುತ್ತಾಳೆ. ಅವಳು ಲೋಟ ಹಿಡಿದು ಬರುವಷ್ಟರಲ್ಲಿ ಚೀಟಿಯಕ್ಕ ಬೇರೆ ಮಾತು ಹುಡುಕಿಟ್ಟಿರುತ್ತಾಳೆ.